ಇಂಗ್ಲಿಷಿನ ಜೋಡಿ ಗುಣವಾಚಕಗಳು: ಸಿಲಬಲ್ ಬಿಡಿಸಿ, ಒತ್ತು ಹಾಕಿ ಹೇಳುವ ಸಮಗ್ರ ಮಾರ್ಗದರ್ಶಿ

‘ಓಲ್ಡ್-ಫ್ಯಾಶಂಡ್’ ಎಂಬ ಪದವನ್ನು ಒಮ್ಮೆ ಜೋರಾಗಿ ಹೇಳಿ. ಹಳೇ ಕಾಲದ ಎಂಬ ಅರ್ಥದ ಪದ ಅದು. ಹೇಳುವಾಗ ಸಿಲಬಲ್‌ಗಳನ್ನು, ಅಂದರೆ ಒಂದೊಂದು ಸ್ವರದ ಸುತ್ತ ಕೂಡುವ ಧ್ವನಿಗಳ ಗುಂಪುಗಳನ್ನು, ಬೆರಳು ಮಡಚಿ ಎಣಿಸಿ. ಮೂರು ಬಂತೇ? ಸರಿಯಾಗಿದೆ. ನಮ್ಮಲ್ಲಿ ಬಹಳ ಜನ ‘ಓಲ್ಡು ಫ್ಯಾಶನೆಡ್’ ಎನ್ನುತ್ತೇವೆ. ಅದನ್ನು ಎಣಿಸಿದರೆ ಓಲ್-ಡು-ಫ್ಯಾ-ಶ-ನೆಡ್, ಐದು. ಕೇಳುವವರ ಕಿವಿ ಮೂರಕ್ಕೆ ಕಾಯುತ್ತಿರುತ್ತದೆ, ನಾವು ಐದು ಕೊಡುತ್ತೇವೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನಿನಲ್ಲಿ ಇಂಗ್ಲಿಷ್ ಮಾತಾಡಿದರೆ ಆ ಕಡೆಯವರು ಮತ್ತೆ ಮತ್ತೆ ‘ಏನು?’ ಎಂದು ಕೇಳುತ್ತಿದ್ದರು. ವ್ಯಾಕರಣ ಸರಿ ಇತ್ತು, ಪದಗಳೂ ಸರಿ ಇದ್ದವು. ಎಣಿಕೆ ತಪ್ಪುತ್ತಿತ್ತು. ಅದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು. ಗೊತ್ತಾದ ಮೇಲೆ ಇನ್ನೊಂದು ವಿಷಯ ಕಂಡಿತು. ಇದನ್ನು ಸರಿಮಾಡಿಕೊಳ್ಳಲು ಬೇಕಾದ ಎಲ್ಲವೂ ಕನ್ನಡದಲ್ಲೇ ಇದೆ. ಸಮಾಸ, ಸಂಧಿ, ಒತ್ತಕ್ಷರ, ಪ್ರಸ್ತಾರ ಇವನ್ನೆಲ್ಲ ನಾವು ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಅವನ್ನೇ ಇಲ್ಲಿ ಬಳಸುತ್ತೇನೆ.

ಜೋಡಿ ಗುಣವಾಚಕಗಳನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಬಿಡಿ ಪದ ತಪ್ಪಿದರೆ ಕೇಳುವವರು ಹೇಗೋ ಊಹಿಸಿಕೊಳ್ಳುತ್ತಾರೆ. ಎರಡು ಪದ ಅಂಟಿಕೊಂಡಾಗ ಎಣಿಕೆ, ಸಂಧಿ, ಒತ್ತು ಮೂರೂ ಒಟ್ಟಿಗೆ ತಪ್ಪುತ್ತವೆ. ಅದೂ ಅಲ್ಲದೆ ಇಂಟರ್‌ವ್ಯೂನಲ್ಲಿ ನಮ್ಮ ಬಗ್ಗೆ ಹೇಳಿಕೊಳ್ಳುವ ಪದಗಳೆಲ್ಲ ಇವೇ ಅಲ್ವಾ? ಹಾರ್ಡ್-ವರ್ಕಿಂಗ್, ವೆಲ್-ಎಜುಕೇಟಿಡ್, ಫುಲ್-ಟೈಮ್, ಪಾರ್ಟ್-ಟೈಮ್.

ಮೊದಲ ಹೆಜ್ಜೆ: ಕೀಲು ಎಲ್ಲಿದೆ ನೋಡಿ

ಜೋಡಿ ಗುಣವಾಚಕ ಎಂದರೆ ಸಮಾಸವೇ. ಮೂರು ಕಣ್ಣು ಉಳ್ಳವನು ಮುಕ್ಕಣ್ಣ, ಇದು ಬಹುವ್ರೀಹಿ. ಇಂಗ್ಲಿಷಿನ ‘ತ್ರೀ-ಐಡ್’ ಕೂಡ ಅದೇ ರೀತಿಯದು. ‘ಬ್ಲೂ-ಐಡ್’ ಎಂದರೆ ನೀಲಿ ಕಣ್ಣಿನ, ‘ಕೈಂಡ್-ಹಾರ್ಟಿಡ್’ ಎಂದರೆ ಕರುಣೆಯ ಮನಸ್ಸಿನ. ಪೂರ್ವಪದ, ಉತ್ತರಪದ ಎಂದು ಬಿಡಿಸುವ ಅಭ್ಯಾಸ ನಮಗಿದೆ. ಅದನ್ನೇ ಇಲ್ಲೂ ಮಾಡಿ. ಸಿಲಬಲ್ ಎಣಿಸುವ ಮೊದಲು ಎರಡು ಪದ ಕೂಡಿದ ಜಾಗಕ್ಕೆ ಒಂದು ಗೆರೆ ಎಳೆಯಿರಿ.

ಹೆಚ್ಚಿನ ಪದಗಳಲ್ಲಿ ಹೈಫನ್ನೇ ಆ ಜಾಗ ತೋರಿಸುತ್ತದೆ. ಆದರೆ ಹೋಮ್‌ಸಿಕ್, ವಾಟರ್‌ಪ್ರೂಫ್, ಟ್ರಸ್ಟ್‌ವರ್ದಿ ಮುಂತಾದವು ಹೈಫನ್ ಇಲ್ಲದೆ ಅಂಟಿಕೊಂಡಿರುತ್ತವೆ. ಅಲ್ಲಿ ಕೀಲು ನಾವೇ ಹುಡುಕಬೇಕು. ತಪ್ಪು ಜಾಗದಲ್ಲಿ ಮುರಿದರೆ ಏನಾಗುತ್ತದೆ ಎಂಬುದಕ್ಕೆ ‘ಪೇನ್ಸ್‌ಟೇಕಿಂಗ್’ ಒಳ್ಳೆಯ ಉದಾಹರಣೆ. ತುಂಬಾ ಶ್ರಮ ವಹಿಸಿ ಮಾಡಿದ ಎಂದು ಅರ್ಥ. ಬಹಳ ಜನ ಇದನ್ನು ‘ಪೇನ್-ಸ್ಟೇಕಿಂಗ್’ ಎಂದು ಮುರಿಯುತ್ತಾರೆ. ನಿಜವಾಗಿ ಅದು ‘ಪೇನ್ಸ್’ ಮತ್ತು ‘ಟೇಕಿಂಗ್’. ಶ್ರಮ ತೆಗೆದುಕೊಳ್ಳುವುದು ಎಂಬ ಮಾತಿನಿಂದ ಬಂದದ್ದು. ಕೀಲು ಗೊತ್ತಾದರೆ ನಡುವಿನ ‘ಸ್’ ಗುಂಯ್‌ಗುಡಬೇಕು, ಅಂದರೆ ‘ಜ಼್’ ಆಗಬೇಕು ಎಂಬುದೂ ತಾನಾಗಿ ತಿಳಿಯುತ್ತದೆ.

ಸಂಖ್ಯೆ ಸೇರಿದ ಜೋಡಿಗಳಲ್ಲಿ ಒಂದು ಎಚ್ಚರ ಬೇಕು. ‘ಟೆನ್-ರೂಪೀ ನೋಟ್’ ಎನ್ನಬೇಕು, ‘ರೂಪೀಸ್’ ಅಲ್ಲ. ‘ಫೈವ್-ಇಯರ್-ಓಲ್ಡ್ ಚೈಲ್ಡ್’ ಎನ್ನಬೇಕು, ‘ಇಯರ್ಸ್’ ಅಲ್ಲ. ಕನ್ನಡದಲ್ಲೂ ನಾವು ‘ಐದು ವರ್ಷದ ಮಗು’ ಎನ್ನುತ್ತೇವೆ, ‘ಐದು ವರ್ಷಗಳ ಮಗು’ ಎಂದು ಯಾರೂ ಮನೆಯಲ್ಲಿ ಹೇಳುವುದಿಲ್ಲ. ಆ ಕಿವಿಯನ್ನೇ ನಂಬಿ.

ಎರಡನೆಯ ಹೆಜ್ಜೆ: ಅಕ್ಷರ ಬಿಡಿ, ಸ್ವರ ಎಣಿಸಿ

ಸಿಲಬಲ್ ಎಂದರೆ ಒಂದು ಸ್ವರದ ಸುತ್ತ ಕೂಡುವ ಧ್ವನಿಗಳ ಗುಂಪು. ಕನ್ನಡದ ಲಿಪಿಯ ಅಕ್ಷರವೂ ಸಿಲಬಲ್ಲೂ ಒಂದೇ ಅಲ್ಲ. ‘ಅಕ್ಕ’ ಎಂದು ಬರೆಯುವಾಗ ಅ, ಕ್ಕ ಎಂದು ಎರಡು ಅಕ್ಷರ ಬರೆಯುತ್ತೇವೆ. ಹೇಳುವಾಗ ಬಾಯಿ ಅಕ್-ಕ ಎಂದು ಮುರಿಯುತ್ತದೆ. ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಿದೆಯೇ? ಕಾರಣ ಇದೇ. ಒತ್ತಕ್ಷರದ ಮೊದಲ ವ್ಯಂಜನ ಹಿಂದಕ್ಕೆ ಹೋಗಿ ಹಿಂದಿನ ಸ್ವರವನ್ನು ಮುಚ್ಚುತ್ತದೆ. ಇಂಗ್ಲಿಷ್ ಸಿಲಬಲ್ಲುಗಳಲ್ಲಿ ಇಂಥ ಮುಚ್ಚಿದವು ಜಾಸ್ತಿ.

ಎಣಿಸುವಾಗ ಸ್ಪೆಲಿಂಗ್ ನೋಡಬೇಡಿ. ‘ಹೋಮ್-ಮೇಡ್’ ಪದದ ಸ್ಪೆಲಿಂಗಿನಲ್ಲಿ ನಾಲ್ಕು ಸ್ವರದ ಅಕ್ಷರಗಳಿವೆ. ಕೊನೆಯ ‘ಇ’ ಎರಡೂ ಕಡೆ ಮೌನ. ಆದ್ದರಿಂದ ಎರಡೇ ಸಿಲಬಲ್. ಅಂಗೈಯನ್ನು ಗದ್ದದ ಕೆಳಗಿಟ್ಟು ನಿಧಾನವಾಗಿ ಹೇಳಿ. ಸ್ವರ ಬಂದಾಗ ಗದ್ದ ಕೆಳಗೆ ಬರುತ್ತದೆ. ಎಷ್ಟು ಸಲ ಬಂತೋ ಸುಮಾರಾಗಿ ಅಷ್ಟೇ ಸಿಲಬಲ್.

ಈ ಪರೀಕ್ಷೆಗೆ ಸಿಗದ ಒಂದು ಜಾತಿ ಇದೆ. ‘ಮಿಡ್ಲ್’, ‘ಸಿಂಪ್ಲ್’ ಪದಗಳ ಕೊನೆಯಲ್ಲಿ ಸ್ವರವೇ ಇಲ್ಲದೆ ‘ಲ್’ ಒಂದೇ ಒಂದು ಸಿಲಬಲ್ ಆಗಿ ನಿಲ್ಲುತ್ತದೆ. ಆದ್ದರಿಂದ ‘ಸಿಂಪ್ಲ್-ಮೈಂಡಿಡ್’ ನಾಲ್ಕು: ಸಿಂ-ಪ್ಲ್-ಮೈನ್-ಡಿಡ್.

ನಿಘಂಟಿನ ಬಗ್ಗೆ ಒಂದು ಮಾತು. ಅಮೆರಿಕದ ಕೆಲವು ನಿಘಂಟುಗಳಲ್ಲಿ ಪದದ ನಡುವೆ ಚುಕ್ಕಿ ಇಟ್ಟಿರುತ್ತಾರೆ. ಅಚ್ಚಿನಲ್ಲಿ ಸಾಲು ಮುಗಿದಾಗ ಪದವನ್ನು ಎಲ್ಲಿ ಮುರಿಯಬಹುದು ಎಂದು ತೋರಿಸುವ ಚುಕ್ಕಿ ಅದು. ಉಚ್ಚಾರಕ್ಕೆ ಅದನ್ನು ನಂಬಬೇಡಿ. ‘ಗುಡ್-ಲುಕಿಂಗ್’ ಪದವನ್ನು ಬರಹದಲ್ಲಿ ‘ಲುಕ್-ಇಂಗ್’ ಎಂದು ಮುರಿಯುತ್ತಾರೆ, ಮಾತಿನಲ್ಲಿ ಅದು ‘ಲು-ಕಿಂಗ್’ ಎಂದು ಹರಿಯುತ್ತದೆ. ಪಕ್ಕದಲ್ಲಿ ಕೊಟ್ಟಿರುವ ಉಚ್ಚಾರದ ಸಂಕೇತಗಳನ್ನು ನೋಡಿ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಭಾಷಾ ಶಿಕ್ಷಕರ ಸಂಘವೊಂದು ಬೆಳೆಸಿದ ಲಿಪಿ ಅದು, ಐಪಿಎ ಎನ್ನುತ್ತಾರೆ. ಅದರಲ್ಲಿ ˈ ಎಂಬ ಸಣ್ಣ ನಿಲುಗೆರೆ ಇದ್ದರೆ, ಅದರ ಮುಂದಿನ ಸಿಲಬಲ್ ಮೇಲೆ ಒತ್ತು ಎಂದರ್ಥ. ಇನ್ನು ಮುಂದೆ ನಾನೂ ಅದೇ ಗುರುತು ಬಳಸುತ್ತೇನೆ.

ಮೂರನೆಯ ಹೆಜ್ಜೆ: ಕೊನೆಯ ‘ಉ’ ತೆಗೆಯಿರಿ

ನನ್ನ ಪ್ರಕಾರ ಅತಿ ಮುಖ್ಯವಾದ ಹೆಜ್ಜೆ ಇದು. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಹೊರಗಿನಿಂದ ಬಂದ ಪದಕ್ಕೂ ನಾವು ‘ಉ’ ಹಚ್ಚಿ ನಮ್ಮದಾಗಿ ಮಾಡಿಕೊಳ್ಳುತ್ತೇವೆ: ಬಸ್ಸು, ಕಾರು, ರೋಡು, ಬ್ಯಾಂಕು. ಕನ್ನಡ ಮಾತಾಡುವಾಗ ಅದು ಸರಿಯಾದ ಕನ್ನಡವೇ, ಬಿಡಬೇಕಾಗಿಲ್ಲ. ಇಂಗ್ಲಿಷ್ ಮಾತಾಡುವಾಗ ಮಾತ್ರ ಆ ‘ಉ’ ಪ್ರತಿ ಸಲವೂ ಒಂದು ಸಿಲಬಲ್ ಕೂಡಿಸುತ್ತದೆ. ಜೋಡಿ ಪದದಲ್ಲಿ ಕೊನೆಗಳು ಎರಡು. ಹಾಗಾಗಿ ನಷ್ಟವೂ ಎರಡು ಪಟ್ಟು. ‘ವೆಲ್-ನೋನ್’ ಎರಡು ಸಿಲಬಲ್. ‘ವೆಲ್ಲು-ನೋನು’ ನಾಲ್ಕು.

ತೆಗೆಯುವುದು ಹೇಗೆ? ಇಡ್ಲಿಯಿಂದ ಶುರುಮಾಡಿ. ‘ಇಡ್ಲಿ’ ಎನ್ನುವಾಗ ನಾವು ‘ಇಡುಲಿ’ ಎನ್ನುವುದಿಲ್ಲ. ‘ಡ್’ ಹೇಳಲು ನಾಲಿಗೆ ಮೇಲೆ ಮುಟ್ಟುತ್ತದೆ, ಅಲ್ಲೇ ನಿಲ್ಲುತ್ತದೆ, ಅಲ್ಲಿಂದಲೇ ‘ಲಿ’ಗೆ ಜಾರುತ್ತದೆ. ಈಗ ಇಡ್ಲಿ, ಇಡ್ಲಿ ಎಂದು ನಾಲ್ಕು ಸಲ ಹೇಳಿ ತಕ್ಷಣ ‘ಗುಡ್‌ಲುಕಿಂಗ್’ ಎನ್ನಿ. ಅದೇ ‘ಡ್ಲ’. ಮಧ್ಯದ ‘ಉ’ ಮಾಯವಾಗಿರುತ್ತದೆ. ‘ವೆಲ್‌ನೋನ್’ ಪದಕ್ಕೆ ‘ಕಲ್ನಾರು’ ಹೇಳಿಕೊಳ್ಳಿ. ‘ಹಾರ್ಡ್‌ವರ್ಕಿಂಗ್’ ಪದಕ್ಕೆ ಮನೆ ಬಾಡಿಗೆಯ ‘ಅಡ್ವಾನ್ಸ್’ ನೆನಪಿಸಿಕೊಳ್ಳಿ.

ಎರಡೂ ಕಡೆ ಒಂದೇ ವ್ಯಂಜನ ಬಂದರೆ ಇನ್ನೂ ಸುಲಭ, ಏಕೆಂದರೆ ಅದು ನಮ್ಮ ಸಜಾತೀಯ ಒತ್ತಕ್ಷರವೇ. ‘ಹೋಮ್-ಮೇಡ್’ ಪದದ ನಡುವಿನದು ‘ಅಮ್ಮ’ನಲ್ಲಿರುವ ‘ಮ್ಮ’. ‘ಪಾರ್ಟ್-ಟೈಮ್’ ಪದದ್ದು ‘ಬಟ್ಟೆ’ಯ ‘ಟ್ಟ’. ‘ವೆಲ್-ಲಿಟ್’ ಪದದ್ದು ‘ಬೆಲ್ಲ’ದ ‘ಲ್ಲ’. ಇಂಗ್ಲಿಷರು ಇಲ್ಲಿ ವ್ಯಂಜನವನ್ನು ಎರಡು ಸಲ ಬಿಡಿ ಬಿಡಿಯಾಗಿ ಹೇಳುವುದಿಲ್ಲ, ಒಂದೇ ಸಲ ಹಿಡಿದು ಬಿಡುತ್ತಾರೆ. ಒತ್ತಕ್ಷರ ಚೆನ್ನಾಗಿ ಹೇಳುವ ಬಾಯಿಗೆ ಇದು ಕಷ್ಟವೇ ಅಲ್ಲ.

ಪದದ ಕೊನೆಗೆ ‘ಉ’ ಬಾರದಂತೆ ತಡೆಯುವುದು ಸ್ವಲ್ಪ ಕಷ್ಟ. ‘ಟೈಮ್’ ಹೇಳಿ ತುಟಿ ಮುಚ್ಚಿಯೇ ಇಡಿ, ತೆರೆಯಬೇಡಿ. ‘ನೋನ್’ ಹೇಳಿ ನಾಲಿಗೆಯನ್ನು ಮೇಲೆಯೇ ಬಿಡಿ. ಒಂದು ಎರಡು ಎಂದು ಮನಸ್ಸಿನಲ್ಲಿ ಎಣಿಸಿ ಆಮೇಲೆ ಬಾಯಿ ಬಿಡಿ. ಆಡುಮಾತಿನಲ್ಲಿ ನಾವು ಸ್ವರ ನುಂಗುವುದರಲ್ಲಿ ಪಳಗಿದವರೇ. ‘ಮಾಡುತ್ತೇನೆ’ ಎಂದು ಬರೆದು ‘ಮಾಡ್ತೀನಿ’ ಎನ್ನುತ್ತೇವೆ, ‘ಸುಮ್ಮನೆ’ ಎಂದು ಬರೆದು ‘ಸುಮ್ನೆ’ ಎನ್ನುತ್ತೇವೆ. ಓದುವ ದನಿ ಬಿಟ್ಟು ಮಾತಾಡುವ ದನಿಯಲ್ಲಿ ಅಭ್ಯಾಸ ಮಾಡಿ. ಫಲ ಬೇಗ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಕೊನೆಯಲ್ಲಿ ಇ-ಡಿ ಬಂದರೆ

ಜೋಡಿ ಗುಣವಾಚಕಗಳಲ್ಲಿ ಬಹಳಷ್ಟು ಇ, ಡಿ ಎಂಬ ಎರಡು ಅಕ್ಷರಗಳಲ್ಲಿ ಮುಗಿಯುತ್ತವೆ. ಕಂಡ ಕಡೆಯೆಲ್ಲ ‘ಎಡ್’ ಎಂದು ಓದುವುದು ನಮ್ಮ ರೂಢಿ. ನಿಜದಲ್ಲಿ ಅದಕ್ಕೆ ಮೂರು ಉಚ್ಚಾರ. ಯಾವುದು ಬರಬೇಕು ಎಂದು ನೆರೆಯ ಧ್ವನಿ ಹೇಳುತ್ತದೆ. ‘ಮಳೆ’ಯ ಜೊತೆ ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ ನೆರೆಯವರನ್ನು ನೋಡಿ ‘ಕ’ ಮೆತ್ತಗಾಗುತ್ತದಲ್ಲ, ಹಾಗೆಯೇ.

ಹಿಂದಿನ ಧ್ವನಿ ‘ಟ್’ ಅಥವಾ ‘ಡ್’ ಆಗಿದ್ದರೆ ಮಾತ್ರ ‘ಇಡ್’ ಎಂಬ ಹೊಸ ಸಿಲಬಲ್ ಬರುತ್ತದೆ. ಕೈಂಡ್-ಹಾರ್-ಟಿಡ್ ಮೂರು. ಲೆಫ್ಟ್-ಹ್ಯಾನ್-ಡಿಡ್ ಮೂರು, ಎಡಗೈ ಬಳಸುವವರು. ಓ-ಪನ್-ಮೈನ್-ಡಿಡ್ ನಾಲ್ಕು.

ಹಿಂದಿನ ಧ್ವನಿಗೆ ಗಂಟಲು ನಡುಗದಿದ್ದರೆ ಬರೀ ‘ಟ್’. ಕುತ್ತಿಗೆಯ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎನ್ನಿ, ನಡುಕ ಇಲ್ಲ. ಆದ್ದರಿಂದ ವೆಲ್-ಡ್ರೆಸ್ಟ್, ಎರಡೇ ಸಿಲಬಲ್. ರೌಂಡ್-ಫೇಸ್ಟ್, ಅಂದರೆ ದುಂಡು ಮುಖದ, ಎರಡು.

ಉಳಿದ ಕಡೆಯೆಲ್ಲ ಬರೀ ‘ಡ್’. ಓಲ್ಡ್-ಫ್ಯಾ-ಶಂಡ್ ಮೂರು. ವೆಲ್-ಬಿ-ಹೇವ್ಡ್ ಮೂರು. ‘ತಿಕ್-ಸ್ಕಿಂಡ್’, ಅಂದರೆ ದಪ್ಪ ಚರ್ಮದ, ಎರಡೇ ಎರಡು. ಇದರ ನಡುವೆ ಕ್, ಸ್, ಕ್ ಎಂದು ಮೂರು ವ್ಯಂಜನ ಸಾಲಾಗಿ ನಿಂತಿವೆ. ನಡುವೆ ಯಾವ ಸ್ವರವನ್ನೂ ಸೇರಿಸದೆ ನಿಧಾನವಾಗಿ ದಾಟಿ.

ಈ ನಿಯಮಕ್ಕೆ ಸಿಗದ ಕೆಲವು ಹಳೆಯ ಪದಗಳಿವೆ. ನೇಕಿಡ್, ವಿಕಿಡ್, ರಗಿಡ್, ಕ್ರುಕಿಡ್ ಇವುಗಳಲ್ಲಿ ‘ಟ್’, ‘ಡ್’ ಇಲ್ಲದಿದ್ದರೂ ‘ಇಡ್’ ಎಂದೇ ಹೇಳಬೇಕು. ‘ಏಜ್ಡ್’ ಪದ ಇನ್ನೂ ಸ್ವಾರಸ್ಯದ್ದು. ವಯಸ್ಸಾದ ಎಂಬ ಅರ್ಥದಲ್ಲಿ ಒಂಟಿಯಾಗಿ ನಾಮಪದದ ಮುಂದೆ ಬಂದರೆ ‘ಏ-ಜಿಡ್’, ಎರಡು ಸಿಲಬಲ್. ‘ಮಿಡ್ಲ್-ಏಜ್ಡ್’ ಎಂದು ಜೋಡಿಯಾದರೆ ‘ಏಜ್ಡ್’, ಒಂದೇ. ‘ತ್ರೀ-ಲೆಗ್ಡ್’ ಪದವನ್ನು ‘ಲೆಗಿಡ್’ ಎಂದೂ ಹೇಳುತ್ತಾರೆ, ಎರಡೂ ಸರಿ.

‘ಹ’ ಬಿಟ್ಟು ಮಾತಾಡುವ ರೂಢಿ ಇರುವವರು ಹಾರ್ಟ್, ಹ್ಯಾಂಡ್, ಹಾರ್ಡ್ ಇರುವ ಜೋಡಿಗಳಲ್ಲಿ ಸ್ವಲ್ಪ ಗಮನ ಕೊಡಿ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಬಿಸಿ ಉಸಿರು ತಾಗುತ್ತದೆಯೇ ಎಂದು ನೋಡಿದರೆ ಸಾಕು.

ಐದನೆಯ ಹೆಜ್ಜೆ: ಕೀಲಿನಲ್ಲಿ ಸಂಧಿ ಮಾಡಿ

ಬಿಡಿಸಿದ್ದಾಯಿತು, ಈಗ ಕೂಡಿಸಬೇಕು. ಉತ್ತರಪದ ಸ್ವರದಿಂದ ಶುರುವಾದರೆ ನಮ್ಮ ಆಗಮ ಸಂಧಿ ಹಾಗೇ ಕೆಲಸಕ್ಕೆ ಬರುತ್ತದೆ. ‘ಗುರು’ವಿಗೆ ‘ಅನ್ನು’ ಸೇರಿ ‘ಗುರುವನ್ನು’ ಆಗುವಂತೆ ‘ಬ್ಲೂ’ ಮತ್ತು ‘ಐಡ್’ ಸೇರಿ ‘ಬ್ಲೂವೈಡ್’. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಂತೆ ‘ತ್ರೀ’ ಮತ್ತು ‘ಇಂಚ್’ ಸೇರಿ ‘ತ್ರೀಯಿಂಚ್’. ಈ ‘ವ’, ‘ಯ’ ಬಹಳ ಹಗುರ. ಒತ್ತಿ ಹೇಳಬಾರದು. ವ್ಯಂಜನದ ಮುಂದೆ ಸ್ವರ ಬಂದರೆ ಸುಮ್ನೆ ಕೂಡಿಸಿ: ‘ಮಿಡ್ಲೇಜ್ಡ್’, ‘ಓಪನೆಂಡಿಡ್’.

ಆದರೆ ಪದದ ಶುರುವಿಗೆ ‘ಯ’, ‘ವ’ ತರಬೇಡಿ. ಆಡುಮಾತಿನಲ್ಲಿ ‘ಎಲ್ಲ’ ನಮಗೆ ‘ಯೆಲ್ಲ’ ಆಗುತ್ತದೆ, ‘ಒಳಗೆ’ ‘ವಳಗೆ’ ಆಗುತ್ತದೆ. ಅದೇ ಬಾಯಿಯಲ್ಲಿ ‘ಓಪನ್’ ‘ವೋಪನ್’ ಆಗುತ್ತದೆ. ಸ್ವರವನ್ನು ನೇರವಾಗಿ ಗಂಟಲಿನಿಂದ ಶುರುಮಾಡಿ, ತುಟಿ ದುಂಡಗೆ ಮಾಡುವುದು ಆಮೇಲೆ.

ಆರನೆಯ ಹೆಜ್ಜೆ: ಒತ್ತು, ಮತ್ತು ಒತ್ತು ಜರುಗುವ ಬಗೆ

ಇಲ್ಲಿ ಒತ್ತು ಎಂದರೆ ಒತ್ತಕ್ಷರವಲ್ಲ. ಒಂದು ಸಿಲಬಲ್ಲನ್ನು ಉಳಿದವುಗಳಿಗಿಂತ ಎತ್ತಿ ಹೇಳುವುದು. ಗುರುವೂ ಅದೂ ಒಂದೇ ಅಲ್ಲ. ಗುರು ಎಂದರೆ ಕಾಲದ ಅಳತೆ, ಎರಡು ಮಾತ್ರೆ. ಇಂಗ್ಲಿಷಿನ ಒತ್ತಿನಲ್ಲಿ ಕಾಲ ಉದ್ದವಾಗುತ್ತದೆ, ದನಿ ಮೇಲೇರುತ್ತದೆ, ಬಲವೂ ಹೆಚ್ಚುತ್ತದೆ. ಅದರ ಜೊತೆಗೆ ಪಕ್ಕದ ಸಿಲಬಲ್ಲುಗಳು ಕುಗ್ಗುತ್ತವೆ. ಕನ್ನಡದಲ್ಲಿ ನಾವು ಹೆಚ್ಚು ಕಡಿಮೆ ಎಲ್ಲವನ್ನೂ ಸಮನಾಗಿ ಹೇಳುತ್ತೇವೆ, ಮೊದಲ ಸಿಲಬಲ್‌ಗೆ ಒಂದಿಷ್ಟು ತೂಕ ಕೊಡುತ್ತೇವೆ. ಅದೇ ಅಭ್ಯಾಸ ಇಂಗ್ಲಿಷಿಗೂ ಬರುತ್ತದೆ.

ಜೋಡಿ ಗುಣವಾಚಕಗಳಲ್ಲಿ ಮುಖ್ಯ ಒತ್ತು ಸಾಮಾನ್ಯವಾಗಿ ಉತ್ತರಪದದ ಮೇಲೆ. ಪೂರ್ವಪದ ಗುಣವಾಚಕವೋ ಕ್ರಿಯಾವಿಶೇಷಣವೋ ಆಗಿದ್ದರೆ ಇದನ್ನು ಧೈರ್ಯವಾಗಿ ನಂಬಬಹುದು: ಓಲ್ಡ್-ˈಫ್ಯಾಶಂಡ್, ಕೈಂಡ್-ˈಹಾರ್ಟಿಡ್, ಗುಡ್-ˈಲುಕಿಂಗ್, ಹಾರ್ಡ್-ˈವರ್ಕಿಂಗ್, ವೆಲ್-ˈನೋನ್. ಹೋಲಿಕೆಯ ಜೋಡಿಗಳೂ ಹೀಗೇ. ಐಸ್-ˈಕೋಲ್ಡ್, ಸ್ನೋ-ˈವೈಟ್.

ಪೂರ್ವಪದ ನಾಮಪದವಾಗಿದ್ದು, ಉತ್ತರಪದ ‘ಇಂಗ್’ ಹಚ್ಚಿದ ಕ್ರಿಯೆಯಾಗಿದ್ದು, ಆ ನಾಮಪದವೇ ಕ್ರಿಯೆಯ ಕರ್ಮವಾಗಿದ್ದರೆ ಒತ್ತು ಮೊದಲ ಪದಕ್ಕೆ ಹೋಗುತ್ತದೆ. ˈಟೈಮ್-ಕನ್ಸ್ಯೂಮಿಂಗ್, ಅಂದರೆ ಸಮಯ ತಿನ್ನುವ. ˈಬ್ರೆತ್‌ಟೇಕಿಂಗ್, ˈಹಾರ್ಟ್‌ಬ್ರೇಕಿಂಗ್, ಮೊದಲು ನೋಡಿದ ˈಪೇನ್ಸ್‌ಟೇಕಿಂಗ್. ‘ಏನನ್ನು?’ ಎಂದು ಕೇಳಿ ನೋಡಿ. ಪೂರ್ವಪದ ಉತ್ತರ ಕೊಟ್ಟರೆ ಒತ್ತು ಅದಕ್ಕೇ. ‘ಗುಡ್-ಲುಕಿಂಗ್’ ಪದಕ್ಕೆ ‘ಏನನ್ನು?’ ಎಂದು ಕೇಳಿದರೆ ‘ಗುಡ್’ ಉತ್ತರವಾಗುವುದಿಲ್ಲ. ಹಾಗಾಗಿ ಅಲ್ಲಿ ಒತ್ತು ಎರಡನೆಯದಕ್ಕೆ.

ನಾಮಪದದ ಜೊತೆ ಗುಣವಾಚಕ ಸೇರಿದಾಗ ಎರಡೂ ಬಗೆ ಉಂಟು. ˈಹೋಮ್‌ಸಿಕ್, ˈವಾಟರ್‌ಪ್ರೂಫ್, ˈಟ್ರಸ್ಟ್‌ವರ್ದಿ ಒಂದು ಕಡೆ. ಡ್ಯೂಟಿ-ˈಫ್ರೀ, ಯೂಸರ್-ˈಫ್ರೆಂಡ್ಲಿ, ವರ್ಲ್ಡ್-ˈಫೇಮಸ್ ಇನ್ನೊಂದು ಕಡೆ. ಇವನ್ನು ನಿಘಂಟಿನಲ್ಲಿ ನೋಡಿಯೇ ಕಲಿಯಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಉತ್ತರಪದದ ಮೇಲಿರುವ ಒತ್ತು ಅಲ್ಲೇ ಕೂತಿರುವುದಿಲ್ಲ. ‘ಐ ವರ್ಕ್ ಫುಲ್-ˈಟೈಮ್’ ಎನ್ನುವಾಗ ‘ಟೈಮ್’ ಮೇಲೇಳುತ್ತದೆ. ‘ಎ ˈಫುಲ್-ಟೈಮ್ ˈಜಾಬ್’ ಎನ್ನುವಾಗ ಅದು ‘ಫುಲ್’ಗೆ ಜರುಗುತ್ತದೆ. ಯಾಕೆ? ‘ಟೈಮ್’, ‘ಜಾಬ್’ ಎರಡೂ ಪಕ್ಕಪಕ್ಕದಲ್ಲೇ ಎತ್ತರವಾಗಿದ್ದರೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿಗೆ ಒತ್ತುಗಳ ನಡುವೆ ಅಂತರ ಬೇಕು. ತಾಳದ ಏಟುಗಳ ನಡುವೆ ಬಿಡುವು ಬೇಕಲ್ಲ, ಹಾಗೆ. ‘ದಿಸ್ ಬೈಕ್ ಈಸ್ ಸೆಕೆಂಡ್-ˈಹ್ಯಾಂಡ್’, ಆದರೆ ‘ಎ ˈಸೆಕೆಂಡ್-ಹ್ಯಾಂಡ್ ˈಬೈಕ್’. ‘ಶಿ ಈಸ್ ವೆಲ್-ˈನೋನ್’, ಆದರೆ ‘ಎ ˈವೆಲ್-ನೋನ್ ˈರೈಟರ್’. ಮುಂದೆ ನಾಮಪದ ಇದೆಯೇ ಇಲ್ಲವೇ ಎಂದು ನೋಡಿ, ಅದಕ್ಕೆ ತಕ್ಕಂತೆ ಒತ್ತು ಹಾಕಿ. ಬರಹದಲ್ಲೂ ಇದರ ನೆರಳಿದೆ. ನಾಮಪದದ ಮುಂದೆ ‘ವೆಲ್-ನೋನ್’ ಹೈಫನ್ ಜೊತೆ ಬರುತ್ತದೆ, ವಾಕ್ಯದ ಕೊನೆಯಲ್ಲಿ ಬಹಳ ಸಲ ಹೈಫನ್ ಇಲ್ಲದೆ ಬರುತ್ತದೆ.

ಅಭ್ಯಾಸಕ್ಕೆ ತೊಡೆಯ ಮೇಲೆ ತಾಳ ಹಾಕಿ. ಒತ್ತು ಇರುವಲ್ಲಿ ಅಂಗೈ, ಉಳಿದಲ್ಲಿ ಬೆರಳ ತುದಿ. ಕಾಗದದಲ್ಲಿ ಬರೆಯುವುದಾದರೆ ಪ್ರಸ್ತಾರದ ಹಾಗೆ ಪ್ರತಿ ಸಿಲಬಲ್ ಮೇಲೆ ಗುರುತು ಹಾಕಿ: ಒತ್ತಿಗೆ ಅಡ್ಡಗೆರೆ, ಉಳಿದವಕ್ಕೆ ಬಟ್ಟಲು. ಒತ್ತಿಲ್ಲದ ಕಡೆ ಸ್ವರ ಮಂಕಾಗಲಿ. ‘ಆಬ್ಸಂಟ್-ˈಮೈಂಡಿಡ್’ ಪದದಲ್ಲಿ ‘ಸೆಂಟ್’ ಎಂದು ಪೂರ್ತಿ ಹೇಳಬೇಕಾಗಿಲ್ಲ, ‘ಸಂಟ್’ ಎಂದು ಜಾರಿಸಿ.

ಎಲ್ಲ ಸೇರಿಸಿ ಎರಡು ಪದ

‘ಶಾರ್ಟ್-ಟೆಂಪರ್ಡ್’ ತೆಗೆದುಕೊಳ್ಳಿ, ಬೇಗ ಸಿಟ್ಟಾಗುವ. ಕೀಲು ‘ಶಾರ್ಟ್’ ಆದಮೇಲೆ. ಅಲ್ಲಿ ‘ಟ್’ ಮುಂದೆ ‘ಟ’ ಇದೆ, ಅಂದರೆ ಬಟ್ಟೆಯ ‘ಟ್ಟ’. ಕೊನೆಯ ಇ-ಡಿಗೆ ಮುಂಚೆ ‘ಟ್’, ‘ಡ್’ ಇಲ್ಲ, ಗಂಟಲು ನಡುಗುತ್ತದೆ, ಆದ್ದರಿಂದ ಬರೀ ‘ಡ್’. ಎಣಿಸಿ: ಶಾರ್ಟ್-ಟೆಂ-ಪರ್ಡ್, ಮೂರು. ಒಂಟಿಯಾಗಿ ನಿಂತರೆ ‘ಹಿ ಈಸ್ ಶಾರ್ಟ್-ˈಟೆಂಪರ್ಡ್’. ಮುಂದೆ ನಾಮಪದ ಬಂದರೆ ‘ಎ ˈಶಾರ್ಟ್-ಟೆಂಪರ್ಡ್ ˈಬಾಸ್’.

ಇನ್ನೊಂದು ‘ವೆಲ್-ಎಜುಕೇಟಿಡ್’. ಕೀಲಿನಲ್ಲಿ ‘ಲ್’ ಮುಂದೆ ಸ್ವರ ಇದೆ, ಕೂಡಿಸಿದರೆ ‘ವೆಲೆ’. ‘ಯೆಜು’ ಎನ್ನಬೇಡಿ. ಇ-ಡಿಗೆ ಮುಂಚೆ ‘ಟ್’ ಇದೆ, ಹಾಗಾಗಿ ‘ಇಡ್’ ಎಂಬ ಹೊಸ ಸಿಲಬಲ್ ಬರುತ್ತದೆ. ಎಣಿಸಿ: ವೆ-ಲೆ-ಜು-ಕೇ-ಟಿಡ್, ಐದು. ಒತ್ತು ‘ಎ’ ಮೇಲೆ. ಐದಕ್ಕೆ ಆರನೆಯದನ್ನು ಕೂಡಿಸುವ ‘ಉ’ ಕೊನೆಯಲ್ಲಿ ಇಣುಕುತ್ತದೆ, ನೋಡಿಕೊಳ್ಳಿ.

ದಿನಕ್ಕೆ ಐದು ಪದ ಸಾಕು. ಪ್ರತಿ ಪದವನ್ನೂ ಎರಡು ವಾಕ್ಯದಲ್ಲಿ ಹೇಳಿ, ಒಂದರಲ್ಲಿ ನಾಮಪದದ ಮುಂದೆ, ಇನ್ನೊಂದರಲ್ಲಿ ವಾಕ್ಯದ ಕೊನೆಯಲ್ಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆನ್‌ಲೈನ್ ನಿಘಂಟಿನ ದನಿಯ ಪಕ್ಕದಲ್ಲಿಟ್ಟು ಕೇಳಿ. ಕೇಳುವಾಗ ಮೊದಲು ಬೆರಳು ಮಡಚಿ ಎಣಿಕೆ ಮಾತ್ರ ನೋಡಿ. ಎಣಿಕೆ ಸರಿಹೋಗುವ ತನಕ ಒತ್ತಿನ ಕಡೆ ಹೋಗಬೇಡಿ. ಇವತ್ತು ರಾತ್ರಿ ಶುರುಮಾಡುವುದಾದರೆ ಈ ಐದನ್ನು ತೆಗೆದುಕೊಳ್ಳಿ: ಪಾರ್ಟ್-ಟೈಮ್ ಎರಡು, ವೆಲ್-ಡ್ರೆಸ್ಟ್ ಎರಡು, ಸೆಕೆಂಡ್-ಹ್ಯಾಂಡ್ ಮೂರು, ಹಾರ್ಡ್-ವರ್ಕಿಂಗ್ ಮೂರು, ಓಪನ್-ಮೈಂಡಿಡ್ ನಾಲ್ಕು.